ಓಸ್ಲೋ ಚಳಿಗಾಲಕ್ಕೆ ನಾಯಿಯ ಪಾದ: ಬೂಟು, ಮೇಣ, ಕಾಲುಚೀಲ, ಬರಿಗಾಲು

ನಾರ್ವೆಯ ಓಸ್ಲೋದಲ್ಲಿ, ಮಯೋರ್‌ಸ್ಟುವೆನ್ ನಿಲ್ದಾಣದಿಂದ ಫ್ರೊಗ್ನರ್ ಉದ್ಯಾನದ ಕಡೆಗೆ ಹೋಗುವ ಕಾಲುದಾರಿಯಲ್ಲಿ, ಜನವರಿಯ ಒಂದು ಬೆಳಿಗ್ಗೆ ನನ್ನ ನಾಯಿ ಮಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಮುಂದಿನ ಬಲಗಾಲು ಎತ್ತಿದಳು, ಇಳಿಸಿದಳು. ಎಡಗಾಲು ಎತ್ತಿದಳು. ಆಮೇಲೆ ಹಿಂದಿನದನ್ನೂ ಎತ್ತಲು ಹೋಗಿ, ಯಾವ ಕಾಲಿನ ಮೇಲೆ ನಿಲ್ಲಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಎಂಟು ಗಂಟೆ, ಇನ್ನೂ ಕತ್ತಲು. ಮೊಬೈಲ್ ಬೆಳಕು ಹಾಯಿಸಿ ನೋಡಿದರೆ ಹಿಮದ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ. ಬೆರಳುಗಳ ಸಂದಿಯಲ್ಲಿ ಹಿಮ ಗೋಲಿಯ ಹಾಗೆ ಗಟ್ಟಿಯಾಗಿ ಕೂತಿತ್ತು, ಅದರೊಳಗೆ ಚೂಪಾದ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. 26 ಕಿಲೋ ತೂಕದ ನಾಯಿಯನ್ನು ಎತ್ತಿಕೊಂಡೇ ಮನೆಗೆ ಬಂದೆ. ಅಲ್ಲಿಂದ ಎರಡು ಚಳಿಗಾಲ, ಅವಳ ಪಾದಕ್ಕೆ ಏನು ಒಗ್ಗುತ್ತದೆ ಎಂದು ಒಂದೊಂದಾಗಿ ಹಾಕಿ ನೋಡಿದ್ದೇನೆ. ನಾಯಿಯೊಡನೆ ಈ ಕಡೆಗೆ ಬರುವ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನಮ್ಮ ಹಿನ್ನೆಲೆ ಹೇಳಬೇಕು. ನಾನು ಹುಟ್ಟಿದ್ದು ಶಿವಮೊಗ್ಗದಲ್ಲಿ. ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಹದಿನಾರು ವರ್ಷ ಇದ್ದು ಅಮೆರಿಕದ ಪ್ರಜೆಯಾದವಳು. ಗಂಡನ ಕೆಲಸದ ನಿಮಿತ್ತ ಓಸ್ಲೋಗೆ ಬಂದೆವು. ಮಲ್ಲಿ ಮಿನಿಯಾಪೊಲಿಸ್‌ನ ಪ್ರಾಣಿ ಆಶ್ರಯದಿಂದ ತಂದ ಲ್ಯಾಬ್ರಡಾರ್ ಮಿಶ್ರತಳಿ. ಮೈಕ್ರೋಚಿಪ್, ರೇಬಿಸ್ ಲಸಿಕೆ, ನಾರ್ವೆಗೆ ಕಾಲಿಡುವ 24ರಿಂದ 120 ಗಂಟೆಗಳ ಒಳಗೆ ಲಾಡಿಹುಳುವಿನ ಔಷಧ, ಇಷ್ಟೆಲ್ಲ ಮುಗಿಸಿ ವಿಮಾನ ಹತ್ತಿಸಿದ್ದೆವು. ಚಳಿಯ ಬಗ್ಗೆ ಮಾತ್ರ ನನಗೆ ಚಿಂತೆಯೇ ಇರಲಿಲ್ಲ. ಮಿನೆಸೋಟದ ಮೈನಸ್ 25 ಡಿಗ್ರಿ ಕಂಡ ನಾಯಿಗೆ ಓಸ್ಲೋ ಏನು ಮಹಾ ಎಂದುಕೊಂಡಿದ್ದೆ.

ಆ ಲೆಕ್ಕ ತಪ್ಪಿದ್ದು ಹೇಗೆಂದು ಈಗ ಅರ್ಥವಾಗುತ್ತದೆ. ಮಿನೆಸೋಟದ ಚಳಿ ಒಣಚಳಿ. ಹಿಮ ಹಿಟ್ಟಿನಂತೆ ಉದುರುತ್ತದೆ, ಕಾಲಿಗೆ ಅಂಟುವುದಿಲ್ಲ. ಅಲ್ಲಿ ನಮಗೆ ಬೇಲಿ ಹಾಕಿದ ಹಿತ್ತಲಿತ್ತು, ಕಾರಿತ್ತು. ಬೀದಿಯ ಉಪ್ಪು ಅವಳ ಕಾಲಿಗೆ ತಾಗುತ್ತಿದ್ದುದೇ ಅಪರೂಪ. ಇಲ್ಲಿ ಮೂರನೇ ಮಹಡಿಯ ಮನೆ, ಕಾರಿಲ್ಲ, ದಿನಕ್ಕೆ ನಾಲ್ಕು ಸಲ ಕಾಲುದಾರಿಗೇ ಇಳಿಯಬೇಕು. ಓಸ್ಲೋದ ಚಳಿಗಾಲ ಸೊನ್ನೆಯ ಆಚೀಚೆ ತೂಗಾಡುತ್ತದೆ. ಹಗಲು ಹಿಮ ಕರಗಿ ಕೆಸರಾಗುತ್ತದೆ, ರಾತ್ರಿ ಅದೇ ಕೆಸರು ಗಾಜಾಗುತ್ತದೆ. ಉಪ್ಪು ಚೆನ್ನಾಗಿ ಕೆಲಸ ಮಾಡುವುದೂ ಇಂಥ ಹವೆಯಲ್ಲೇ, ಹಾಗಾಗಿ ರಸ್ತೆಗೆ ಉಪ್ಪು. ಕಾಲುದಾರಿಗೆ, ಜನ ಜಾರದಿರಲಿ ಎಂದು, ಗ್ರೂಸ್ ಎನ್ನುವ ಸಣ್ಣ ಜಲ್ಲಿ. ಮನುಷ್ಯರು ಬೂಟಿನಡಿಗೆ ಬ್ರೊಡ್ಡರ್ ಎಂಬ ಮುಳ್ಳಿನ ಪಟ್ಟಿ ಕಟ್ಟಿಕೊಂಡು ನಡೆಯುತ್ತಾರೆ. ನಾಯಿ ಆ ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆಯುತ್ತದೆ.

ಅಮೆರಿಕದಿಂದ ತಂದಿದ್ದ ಬಲೂನಿನಂಥ ತೆಳು ರಬ್ಬರ್ ಚೀಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಲ್ಲಿಗೆ ಒಂದೇ ವಾರದಲ್ಲಿ ಹರಿದವು. ನಾಯಿ ಬೆವರುವುದು ಅಂಗಾಲಿನಿಂದ. ರಬ್ಬರ್ ತೆಗೆದಾಗ ಪಾದ ನೆನೆದ ಅವಲಕ್ಕಿಯಂತೆ ಮೆತ್ತಗಾಗಿರುತ್ತಿತ್ತು. ಮೆತ್ತಗಾದ ಚರ್ಮ ಬೇಗ ಸೀಳುತ್ತದೆ. ಬಿಟ್ಟುಬಿಟ್ಟೆ.

ಗಟ್ಟಿ ತಳದ ಬೂಟುಗಳಿಗೆ ಮಾತ್ರ ನಾನು ಪೂರ್ತಿ ಒಂದು ಚಳಿಗಾಲ ಕೊಟ್ಟೆ. ಕೆಂಪು ಬಣ್ಣ, ವೆಲ್ಕ್ರೋ ಪಟ್ಟಿ, ಟೈರಿನಂತೆ ಗೀರುಗಳಿದ್ದ ತಳ. ಉಪ್ಪು ಸುರಿದ ದಿನ ಇವಕ್ಕೆ ಸಾಟಿಯಿಲ್ಲ. ಜಲ್ಲಿಯ ಮೇಲೆ ಎಷ್ಟು ನಡೆದರೂ ಪಾದ ಒಣಗಿಯೇ ಇರುತ್ತದೆ. ಆದರೆ ಹಾಕುವುದಕ್ಕೆ ಆರು ನಿಮಿಷ ಬೇಕು, ಅಷ್ಟು ಹೊತ್ತಿಗೆ ಚಳಿಯ ಅಂಗಿಯೊಳಗೆ ನಾನು ಬೆವರಿರುತ್ತೇನೆ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ ಕೊರತೆ ಇನ್ನೊಂದು: ಮಂಜುಗಡ್ಡೆಯ ಮೇಲೆ ನಾಯಿ ಉಗುರೂರಿ ನಿಲ್ಲುತ್ತದೆ. ಬೂಟು ಉಗುರನ್ನು ಮುಚ್ಚಿಬಿಡುತ್ತದೆ. ಇಳಿಜಾರಿನಲ್ಲಿ ಮಲ್ಲಿಯ ಹಿಂಗಾಲುಗಳು ಎರಡು ಕಡೆಗೆ ಜಾರಿದ್ದನ್ನು ನೋಡಿದ ದಿನ ನನ್ನ ಎದೆ ಹೊಡೆದುಕೊಂಡಿತು. ಸೊಂಟ ಉಳುಕಿದ್ದರೆ ಅವಳ ವಯಸ್ಸಿಗೆ ಬೇಗ ವಾಸಿಯಾಗುತ್ತಿರಲಿಲ್ಲ.

ಕಾಡಿನಲ್ಲಿ ಬೂಟು ಕಳಚುವುದೂ ಇದೆ. ಮೆಟ್ರೋದ 5ನೇ ಮಾರ್ಗದ ಕೊನೆಯ ನಿಲ್ದಾಣ ಸಾಂಗ್ಸ್‌ವಾನ್. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕೆರೆ, ಅದನ್ನು ಸುತ್ತಿ ಬರಲು ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಾರ್ವೆಯಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ನಾಯಿಯನ್ನು ಹಗ್ಗ ಬಿಚ್ಚಿ ಬಿಡುವಂತಿಲ್ಲ. ಮರಿ ಹಾಕಿದ ಕಾಡುಪ್ರಾಣಿ, ಮೊಟ್ಟೆಯಿಟ್ಟ ಹಕ್ಕಿ, ಮೇಯುವ ಕುರಿ ಇವುಗಳಿಗೆ ತೊಂದರೆಯಾಗಬಾರದು ಎಂದು. ಉಳಿದ ತಿಂಗಳುಗಳಲ್ಲಿ ಊರಿನ ನಿಯಮ ಅಡ್ಡ ಬರದ ಕಡೆ ಬಿಡಬಹುದು. ಹಿಮ ಆಳವಾಗಿ ಜಿಂಕೆಗಳು ಬಸವಳಿದಾಗ ಮತ್ತೆ ಕಟ್ಟಬೇಕೆಂದು ಆದೇಶ ಬರುವುದುಂಟು. ಹಾಗೆ ಬಿಟ್ಟ ಒಂದು ಭಾನುವಾರ ಮಲ್ಲಿ ಮೊಣಕಾಲು ಮಟ್ಟದ ಹಿಮದಲ್ಲಿ ಓಡಿ, ಮೂರೇ ಬೂಟುಗಳಲ್ಲಿ ವಾಪಸು ಬಂದಳು. ಕತ್ತಲಾಗುವ ತನಕ ಹುಡುಕಿದೆ, ಸಿಗಲಿಲ್ಲ. ಮರುದಿನ ಅದೇ ದಾರಿಯಲ್ಲಿ ಹೋದರೆ, ಬರ್ಚ್ ಮರದ ಒಂದು ಮೋಟು ಕೊಂಬೆಗೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ, ಕೆಂಪು ಬೂಟನ್ನು ಯಾರೋ ಸಿಕ್ಕಿಸಿದ್ದರು. ಒಳಗಿನ ಹಿಮವನ್ನು ಕೊಡವಿ, ವೆಲ್ಕ್ರೋ ಪಟ್ಟಿಯನ್ನು ಮಡಚಿ ಮುಚ್ಚಿದ್ದರು. ಬಿದ್ದ ಕೈಗವಸು, ಮಕ್ಕಳ ಟೋಪಿ ಎಲ್ಲವನ್ನೂ ಇಲ್ಲಿನ ಜನ ಹೀಗೆ ಬೇಲಿಗೂಟಕ್ಕೋ ಕೊಂಬೆಗೋ ಏರಿಸಿ ಹೋಗುತ್ತಾರೆ. ಹೊಸ ಊರಿನಲ್ಲಿ ನಾನೂ ಇರಬಲ್ಲೆ ಎಂದು ಮೊದಲ ಸಲ ಅನ್ನಿಸಿದ್ದು ಆ ಮರದ ಕೆಳಗೆ.

ಮೇಣದ ಕಥೆ ಅಮ್ಮನಿಂದ ಶುರುವಾಗುತ್ತದೆ. ರಕ್ತದ ಸುದ್ದಿ ಕೇಳಿ ಶಿವಮೊಗ್ಗದಿಂದ ಫೋನಿನಲ್ಲಿ, "ಪಾಪ, ಹಿಮ್ಮಡಿ ಒಡೆದ ಹಾಗೆ ಆಗಿದೆ. ಕೊಬ್ಬರಿ ಎಣ್ಣೆ ಹಚ್ಚಿ ನೋಡು" ಎಂದರು. ಹಚ್ಚಿದೆ. ಮನೆಯೊಳಗೆ ರಾತ್ರಿ ಹಚ್ಚಿ, ಅವಳು ನಿದ್ದೆ ಹೋಗುವ ತನಕ ಪಾದ ಹಿಡಿದು ಕೂತರೆ ಚರ್ಮ ನಿಜಕ್ಕೂ ಮೃದುವಾಗುತ್ತದೆ, ಒಡಕು ಕೂಡುತ್ತದೆ. ಹೊರಗೆ ಹೋಗುವ ಮುನ್ನ ಹಚ್ಚಿದರೆ ಮಾತ್ರ ಪ್ರಯೋಜನವಿಲ್ಲ. ಅರ್ಧ ಅವಳ ಹೊಟ್ಟೆಗೆ ಹೋಗುತ್ತದೆ, ಉಳಿದರ್ಧ ಮೊದಲ ಬೀದಿಯಲ್ಲೇ ಒರೆಸಿಹೋಗುತ್ತದೆ.

ಆಮೇಲೆ ಅಂಗಡಿಯ ಪಾದದ ಮೇಣ ತಂದೆ. ಜೇನುಮೇಣ ಬೆರೆತ, ಬೆಣ್ಣೆಯಷ್ಟು ಗಟ್ಟಿಯಾದ ಪದಾರ್ಥ. ಒಂದು ನಿಮಿಷದ ಕೆಲಸ. ಬೆರಳ ತುದಿಯಲ್ಲಿ ತೆಗೆದು, ಅಂಗೈ ಬಿಸಿಗೆ ಕರಗಿಸಿ, ಅಂಗಾಲಿನ ಮೆತ್ತೆಗಳಿಗಿಂತ ಹೆಚ್ಚಾಗಿ ಮೆತ್ತೆಗಳ ನಡುವಿನ ಸಂದಿಗೆ ತುಂಬಬೇಕು. ಇದು ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಹಿಮ ಉಂಡೆಗಟ್ಟುವುದು ಸಂದಿಯ ಕೂದಲಲ್ಲಿ. ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ ಮೇಣ ತುಂಬಿದರೆ ಉಂಡೆಯೇ ಕಟ್ಟುವುದಿಲ್ಲ. ಉಗುರು ಹೊರಗೇ ಇರುತ್ತದೆ, ಜಾರುವ ಭಯವಿಲ್ಲ. ಸಾಂಗ್ಸ್‌ವಾನ್ ಸುತ್ತುವುದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ನಮ್ಮ ಅನುಭವದಲ್ಲಿ ಗಂಟೆಗಿಂತ ಹೆಚ್ಚು ಬಾಳುವುದಿಲ್ಲ. ಉಪ್ಪುಕೆಸರಿನ ಬೀದಿಯಲ್ಲಿ ಅದಕ್ಕೂ ಕಡಿಮೆ. ಮರದ ನೆಲದ ಮೇಲೆ ನಾಲ್ಕು ಪಾದಗಳ ಜಿಡ್ಡಿನ ಗುರುತು ಬಾಗಿಲಿನಿಂದ ಅಡುಗೆಮನೆಯವರೆಗೆ ರಂಗೋಲಿಯಂತೆ ಉಳಿಯುತ್ತದೆ. ಬಾಡಿಗೆ ಮನೆಯವರು ಮೇಣವನ್ನು ಬಾಗಿಲಾಚೆಯೇ ಹಚ್ಚಿ.

ಬಟ್ಟೆಯ ಕಾಲುಚೀಲವನ್ನು ಇಲ್ಲಿ ಪೂಟೆಸೊಕ್ಕರ್ ಎನ್ನುತ್ತಾರೆ. ಹೆಸರಿಗೆ ಕಾಲುಚೀಲ, ನೋಡಿದರೆ ಗಟ್ಟಿ ನೈಲಾನ್ ಬಟ್ಟೆಯ ಪುಟ್ಟ ಸಂಚಿ, ಮೇಲೊಂದು ಪಟ್ಟಿ. ತಳ ಎಂಬುದೇ ಇಲ್ಲ. ಜಾರುಬಂಡಿ ಎಳೆಯುವ ನಾಯಿಗಳು ತೊಡುವುದು ಇಂಥದ್ದನ್ನೇ. ಉತ್ತರದ ಆಲ್ಟಾ ಊರಿನಿಂದ ಹೊರಡುವ ಫಿನ್‌ಮಾರ್ಕ್ಸ್‌ಲೋಪೆ ಓಟದಲ್ಲಿ, ಸಾವಿರ ಕಿಲೋಮೀಟರಿಗೂ ಮೀರಿದ ದೂರವನ್ನು ನಾಯಿಗಳು ಇಂಥ ಚೀಲ ತೊಟ್ಟು ಓಡುತ್ತವೆ. ಅಂಗಡಿಯಲ್ಲಿ ನೋಡಿದಾಗ ಇಷ್ಟು ತೆಳುವಾದದ್ದು ಏನು ಕಾಪಾಡೀತು ಎಂದು ನಾನು ಕೈಬಿಟ್ಟು ಬಂದಿದ್ದೆ. ಮೊದಲ ವರ್ಷವೇ ಕೊಂಡಿದ್ದರೆ ಆ ಬೂಟಿನ ಜಾರುವಿಕೆ ತಪ್ಪುತ್ತಿತ್ತು.

ಇದರ ಗುಣ ನನಗೆ ಕಂಡದ್ದು ಮಾರ್ಚ್‌ನಲ್ಲಿ. ಬಿಸಿಲಿಗೆ ಮೇಲುಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಹಪ್ಪಳದಂಥ ಒಂದು ಪದರ ಆಗುತ್ತದೆ, ಸ್ಕಾರೆ ಎಂದು ಅದರ ಹೆಸರು. ನಾಯಿ ಹೆಜ್ಜೆಯಿಟ್ಟಾಗ ಅದು ಮುರಿದು, ಒಡೆದ ಗಾಜಿನ ಅಂಚಾಗಿ ಪಾದದ ಮೇಲ್ಭಾಗವನ್ನೂ ಮಣಿಕಟ್ಟನ್ನೂ ಕೊಯ್ಯುತ್ತದೆ. ಅಲ್ಲಿಗೆ ಮೇಣ ಏನೂ ಮಾಡಲಾರದು. ಕಾಲುಚೀಲ ಮಣಿಕಟ್ಟಿನವರೆಗೂ ಬರುತ್ತದೆ. ಬಟ್ಟೆ ತೆಳುವಾದ್ದರಿಂದ ನೆಲದ ಏರುತಗ್ಗು ಅವಳಿಗೆ ತಿಳಿಯುತ್ತದೆ, ನಡಿಗೆ ಕೆಡುವುದಿಲ್ಲ. ಮೂರು ನಿಮಿಷದಲ್ಲಿ ಹಾಕಬಹುದು. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ, ಬಿಗಿದರೆ ಪಾದ ಊದುತ್ತದೆ. ಕೊರತೆ ಒಂದೇ: ಸೊನ್ನೆಗಿಂತ ಮೇಲಿನ ಕೆಸರಿನಲ್ಲಿ ಒದ್ದೆಯಾಗಿ ತಣ್ಣನೆಯ ಬಟ್ಟೆಯಾಗಿಬಿಡುತ್ತದೆ. ಒಂದು ಜೊತೆ ಕಿಸೆಯಲ್ಲಿ ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ.

ಇನ್ನು ಬರಿಗಾಲು. ಕೆಳಗಿನ ಮನೆಯ ಅಜ್ಜಿಗೆ ಎಲ್ಕ್‌ಹೌಂಡ್ ಎಂಬ ನಾರ್ವೆಯ ತಳಿಯ ಒಂದು ನಾಯಿ ಇದೆ. ಬೂಟು, ಮೇಣ ಯಾವುದೂ ಅದಕ್ಕೆ ಬೇಕಿಲ್ಲ. ಇಲ್ಲಿ ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದು ರೂಢಿ, ಈ ಅಜ್ಜಿಗೂ ಅದೇ ಇಷ್ಟ. ಕನ್ನಡದಲ್ಲಿ ಬರೆಯುವಾಗ ನನಗದು ಸಾಧ್ಯವಾಗುವುದಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಕೂತು ಎರಡೂ ನಾಯಿಗಳ ಪಾದವನ್ನು ಪಕ್ಕಪಕ್ಕದಲ್ಲಿ ಹಿಡಿದು ತೋರಿಸಿದರು. ಅವರ ನಾಯಿಯದು ಮುಷ್ಟಿ ಕಟ್ಟಿದ ಹಾಗೆ ಬಿಗಿ, ಬೆರಳುಗಳ ನಡುವೆ ಜಾಗವೇ ಇಲ್ಲ, ಮೆತ್ತೆ ಹಳೆಯ ಚಪ್ಪಲಿಯ ತೊಗಲಿನಂತೆ. ಮಲ್ಲಿಯದು ಅಗಲ, ಬೆರಳುಗಳ ನಡುವೆ ಬಾತುಕೋಳಿಯಂತೆ ಪೊರೆ; ನೀರಿಗೆ ಇಳಿಯಲು ಹುಟ್ಟಿದ ಪಾದ ಹಿಮವನ್ನು ಬಾಚಿಕೊಳ್ಳುತ್ತದೆ. ಈ ದೇಶದ್ದೇ ಇನ್ನೊಂದು ತಳಿ ಲುಂಡೆಹುಂಡ್, ಕಡಲ ಬಂಡೆಗಳ ಸಂದಿಯಲ್ಲಿ ಪಫಿನ್ ಹಕ್ಕಿ ಹಿಡಿಯಲು ಸಾಕಿದ್ದು, ಅದಕ್ಕೆ ಒಂದೊಂದು ಪಾದಕ್ಕೂ ಆರು ಬೆರಳು ಎಂದು ಹೇಳಿದ್ದೂ ಅವರೇ. ಪಾದ ನೋಡದೆ ಪಾದರಕ್ಷೆ ಕೊಂಡಿದ್ದೆ ನಾನು.

ಒಣಹಿಮ ಬಿದ್ದು ಮೈನಸ್ 8-10 ಇರುವ ದಿನ, ಅರ್ಧ ಗಂಟೆಯ ನಡಿಗೆಗೆ ಈಗ ಮಲ್ಲಿಯೂ ಬರಿಗಾಲೇ. ಯಾವುದನ್ನು ಹಾಕಿದರೂ ಹಾಕದಿದ್ದರೂ ಮನೆಗೆ ಬಂದೊಡನೆ ತೊಳೆಯುವುದನ್ನು ಮಾತ್ರ ತಪ್ಪಿಸುವುದಿಲ್ಲ. ಬಾಗಿಲ ಬಳಿ ಒಂದು ಬೋಗುಣಿ, ಉಗುರುಬೆಚ್ಚಗಿನ ನೀರು, ಹಳೆಯ ಟವೆಲ್. ಒಂದೊಂದೇ ಪಾದ ಅದ್ದಿ, ಸಂದಿಗಳನ್ನು ಬೆರಳಿನಿಂದ ಬಿಡಿಸಿ, ಪೂರ್ತಿ ಒಣಗಿಸಬೇಕು. ಉಪ್ಪು ಚರ್ಮವನ್ನು ಉರಿಸುವುದಷ್ಟೇ ಆದರೆ ಬೇರೆ ಮಾತು. ನಾಯಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೆ ಹೆಚ್ಚು ಹೋದರೆ ಅಪಾಯ. ಬೋಗುಣಿಯ ತಳದಲ್ಲಿ ದಿನವೂ ಒಂದು ಚಮಚದಷ್ಟು ಜಲ್ಲಿ ಉಳಿಯುತ್ತದೆ. ಇವುಗಳಲ್ಲಿ ಒಂದಕ್ಕೇ ದುಡ್ಡಿದೆ ಎನ್ನುವವರಿಗೆ ನಾನು ಕಾಲುಚೀಲ ಎನ್ನುತ್ತೇನೆ. ಕಾಡಿನ ಹತ್ತಿರ ಮನೆ ಮಾಡಿದವರಿಗೆ ಮೇಣದ ಡಬ್ಬಿ ಸಾಕು. ಬೂಟು ಉಪ್ಪಿನ ಬೀದಿಗೆ, ಅದೂ ಸಮತಟ್ಟಾದ ಬೀದಿಗೆ.

ಚರ್ಮ ಗಟ್ಟಿಯಾಗುವುದಕ್ಕೆ ಹಿಮ ಬೀಳುವ ಮೊದಲೇ ಡಾಂಬರಿನ ಮೇಲೆ ದಿನವೂ ನಡೆಸಬೇಕು, ಜನವರಿಯಲ್ಲಿ ಶುರುಮಾಡಿದರೆ ತಡವಾಯಿತು ಎಂದು ಕೆಳಗಿನ ಮನೆಯ ಅಜ್ಜಿ ಹೇಳಿದ್ದರು. ಈ ವರ್ಷ ಆಗಸ್ಟ್‌ನಿಂದಲೇ ಹಿಡಿದಿದ್ದೇನೆ. ಈಗ ಅಕ್ಟೋಬರ್. ನಿನ್ನೆ ರಾತ್ರಿ ಎಣ್ಣೆ ಹಚ್ಚುವಾಗ ಒತ್ತಿ ನೋಡಿದೆ: ಮುಂದಿನ ಎರಡು ಪಾದಗಳ ಮೆತ್ತೆ ಕಳೆದ ವರ್ಷಕ್ಕಿಂತ ದಪ್ಪ, ಹಿಂದಿನವು ಇನ್ನೂ ಮೃದು. ಹಿಮಕ್ಕೆ ಇನ್ನು ಕೆಲವು ವಾರಗಳಿವೆ.