ಸೋಯಾಬೀನ್ ತುಕ್ಕು ನಿರೋಧಕತೆ: ಎಫ್2 ಎಣಿಕೆ ಸಾಕೇ, ಎಫ್3 ಸಾಲು ಬೇಕೇ?

ತುಕ್ಕು ಎಂಬ ಶಿಲೀಂಧ್ರ ರೋಗಕ್ಕೆ ನಿರೋಧಕವಾದ ತಳಿಗೂ ಅದು ತಗಲುವ ತಳಿಗೂ ಸಂಕರಣ ಮಾಡಿ, ಎಫ್2 (ಸಂಕರಣದ ಎರಡನೇ ಪೀಳಿಗೆ) ಗಿಡಗಳನ್ನು ಎಣಿಸಿ, ನಿರೋಧಕ–ರೋಗಪೀಡಿತ ಅನುಪಾತ 3:1 ಬಂತೆಂದು 'ಒಂದೇ ಪ್ರಬಲ ಜೀನ್' ಎಂದು ಬರೆದುಬಿಡುವುದು ಸುಲಭ. ಎರಡೂ ದಾರಿಯಲ್ಲಿ ಪರೀಕ್ಷಿಸಿದ ಮೇಲೆ ನಮ್ಮ ಒಲವು ಎಫ್3 ಸಾಲುಗಳ (ಒಂದೊಂದು ಎಫ್2 ಗಿಡದ ಬೀಜದಿಂದ ಬೆಳೆದ ಮುಂದಿನ ಪೀಳಿಗೆ) ಕಡೆಗೇ.

ಲೆಕ್ಕ ನೋಡಿ. 100 ಎಫ್2 ಗಿಡಗಳಲ್ಲಿ 78 ನಿರೋಧಕ, 22 ರೋಗಪೀಡಿತ ಎಂದಿಟ್ಟುಕೊಳ್ಳಿ. ಕೈ ಸ್ಕ್ವೇರ್ ಬೆಲೆ (ಎಣಿಕೆ ನಿರೀಕ್ಷಿತ ಅನುಪಾತದಿಂದ ಎಷ್ಟು ದೂರ ಎಂಬ ಅಳತೆ) 3:1ಕ್ಕೆ 0.48, ಎರಡು ಜೀನ್‌ಗಳ 13:3ಕ್ಕೆ 0.69. ಎರಡೂ 3.84ರ ಮಿತಿಯೊಳಗೇ ಇವೆ (ಅದನ್ನು ಮೀರಿದರಷ್ಟೇ ಆ ಅನುಪಾತವನ್ನು ತಳ್ಳಿಹಾಕಬಹುದು). ಅಂದರೆ ಎಣಿಕೆ ಏನನ್ನೂ ತೀರ್ಮಾನಿಸಲಿಲ್ಲ. ಅವೇ ಗಿಡಗಳ ಬೀಜವನ್ನು ಗಿಡಕ್ಕೊಂದು ಸಾಲಿನಂತೆ ಬಿತ್ತಿದರೆ ಚಿತ್ರವೇ ಬೇರೆ: ಒಂದು ಜೀನ್ ಆದರೆ ಸುಮಾರು 25 ಸಾಲು ಪೂರ್ತಿ ರೋಗಪೀಡಿತ (ಪೂರ್ತಿ ನಿರೋಧಕ, ಮಿಶ್ರ, ಪೂರ್ತಿ ರೋಗಪೀಡಿತ ಸಾಲು 1:2:1), 13:3 ಆದರೆ ಬರೀ ಆರೇಳು (7:8:1).

ಸೋಂಕು ತಪ್ಪಿಸಿಕೊಂಡ ಒಂದು ಗಿಡ ಎಫ್2ನಲ್ಲಿ ನೇರವಾಗಿ ನಿರೋಧಕರ ಪಟ್ಟಿ ಸೇರುತ್ತದೆ. ಸಾಲಿನಲ್ಲಾದರೆ ಅದರ ಒಡಹುಟ್ಟುಗಳು ಸತ್ಯ ಹೇಳುತ್ತವೆ. ಆದರೆ ಸಾಲಿಗೆ 8 ಸಸಿ ಸಾಲದು: ಒಂದೇ ಜೀನ್ ಇದ್ದಾಗ ಮಿಶ್ರ ಸಾಲಿನಲ್ಲಿ ಒಂದೂ ರೋಗಪೀಡಿತ ಸಸಿ ಕಾಣದಿರುವ ಸಂಭವ 10%. 12ಕ್ಕೆ 3.2%, 16ಕ್ಕೆ 1%. ನಾವು 16 ಬಿತ್ತುತ್ತೇವೆ. ಇದಕ್ಕೆ ತೆರಬೇಕಾದ ಬೆಲೆ ಒಂದು ಹೆಚ್ಚುವರಿ ಹಂಗಾಮು, ಜೊತೆಗೆ ಬಹಳಷ್ಟು ಜಾಗ.

ಸಿಂಪರಣೆ ಎರಡಕ್ಕೂ ಒಂದೇ: ಮಿ.ಲೀ.ಗೆ 50,000 ತಾಜಾ ಬೀಜಕಣ, 0.01% ಟ್ವೀನ್ 20 (ಹನಿ ಎಲೆ ಮೇಲೆ ಹರಡಲು ಬೆರೆಸುವ ದ್ರವ), ರಾತ್ರಿಯಿಡೀ ಒದ್ದೆ ಎಲೆ, 20–24 ಡಿಗ್ರಿ. ರೋಗಾಣುವಿನ ಒಂದೇ ಐಸೊಲೇಟ್ (ಬೇರ್ಪಡಿಸಿ ಬೆಳೆಸಿದ ಮಾದರಿ) ಬಳಸಿ. ಆರ್‌ಪಿಪಿ ಎಂಬ ತುಕ್ಕು ನಿರೋಧಕ ಜೀನ್‌ಗಳು ಎಲ್ಲ ಐಸೊಲೇಟ್‌ಗಳನ್ನೂ ತಡೆಯುವುದಿಲ್ಲ, ಮಿಶ್ರಣ ಹಾಕಿದರೆ ಅನುಪಾತವೇ ಕೆಡುತ್ತದೆ. ಪ್ರತಿ ಟ್ರೇಯಲ್ಲೂ ರೋಗಕ್ಕೆ ತುತ್ತಾಗುವ ತಳಿಯ ಸಸಿ ಇರಲಿ. ಅದೇ ಸ್ವಚ್ಛವಾಗಿ ಉಳಿದರೆ ಆ ಟ್ರೇ ಕೈಬಿಡಿ. 14ನೇ ದಿನ ಎಲೆಯ ತಳಭಾಗವನ್ನು 10 ಪಟ್ಟು ಮಸೂರದಲ್ಲಿ ನೋಡಿ. ಕೆಂಗಂದು ಚುಕ್ಕೆ, ಬೀಜಕಣ ವಿರಳ ಎಂದರೆ ನಿರೋಧಕ. ತಿಳಿಗಂದು ಚುಕ್ಕೆಯಲ್ಲಿ ಗುಳ್ಳೆಗಳು ಒಡೆದು ಪುಡಿ ಉದುರುತ್ತಿದ್ದರೆ ರೋಗಪೀಡಿತ. ಕೆಲವು ಸಂಕರಣಗಳಲ್ಲಿ ಮಿಶ್ರ ಗಿಡ (ಜೀನ್‌ನ ಎರಡೂ ರೂಪ ಹೊತ್ತದ್ದು) ಇವೆರಡರ ನಡುವೆ ನಿಲ್ಲುತ್ತದೆ. ಎಫ್2 ಎಣಿಕೆ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಜೀನ್ ಮೊದಲೇ ಗೊತ್ತಿದ್ದು, ಅದರ ಪಕ್ಕದ ಮಾರ್ಕರ್ (ಡಿಎನ್‌ಎ ಗುರುತು) ಕೈಯಲ್ಲಿದ್ದರೆ ಎಫ್2 ಸಾಕು. ಎಫ್3 ಬೇಕೆಂದಿದ್ದರೆ ಎಫ್2 ಗಿಡಕ್ಕೆ ಸಿಂಪಡಿಸಲೇಬೇಡಿ: ರೋಗಪೀಡಿತ ಗಿಡ ಎಲೆ ಉದುರಿಸಿ ಬೀಜ ಕಡಿಮೆ ಕೊಡುತ್ತದೆ, ನಮಗೆ ಬೇಕಾದ ಸಾಲುಗಳೇ ಕಾಣೆಯಾಗುತ್ತವೆ. ಬದಲಿಗೆ ಒಂದು ಎಲೆ ಕಿತ್ತು, ಹಳದಿಯಾಗದಂತೆ ಬೆಂಜೈಲ್ ಅಡೆನೀನ್ ಬೆರೆಸಿದ ಅಗರ್ ಮೇಲೆ ತಳಭಾಗ ಮೇಲಾಗಿಟ್ಟು ಸೋಂಕು ಹಚ್ಚಿ.