ಬ್ಯಾಂಡೋ, ಸೋಲೋನೋ?

ಮಡಿಕೇರಿಯಲ್ಲಿ ನಿಮ್ಮ ರಾಕ್ ಬ್ಯಾಂಡಿಗೆ ಹೆಸರು ಬಂದಿದೆ. ಈಗ ಗಿಟಾರ್ ಹಿಡಿದು ಒಬ್ಬರೇ ಹೊರಡಬೇಕಾ ಅಂತ ಕೇಳಿದ್ದೀರಿ.

ದುಡ್ಡು ನೋಡಿದರೆ, ದಸರಾ ವೇದಿಕೆಗೆ, ದೊಡ್ಡ ಮದುವೆಗೆ ಬ್ಯಾಂಡೇ ಮೇಲು. ಹೋಂಸ್ಟೇ ಅಂಗಳಕ್ಕೆ ಒಬ್ಬರೇ ಸಾಕು, ಸಂಭಾವನೆ ಹಂಚುವ ಮಾತಿಲ್ಲ. ಮಳೆಗೆ ಕಾರ್ಯಕ್ರಮ ತಪ್ಪಿದರೆ ನಷ್ಟವೂ ನಿಮ್ಮದೇ.

ನನಗೆ ಹಾಡಿನ ವಿಷಯವೇ ಜಾಸ್ತಿ ಮುಖ್ಯ. ಬ್ಯಾಂಡಿನಲ್ಲಿ ನಿಮ್ಮ ಟ್ಯೂನನ್ನು ಉಳಿದವರು ತಿದ್ದುತ್ತಾರೆ, ಅದು ಒಳ್ಳೆಯದೇ. ಸೋಲೋದಲ್ಲಿ ತೀರ್ಮಾನ ನಿಮ್ಮದು, ಆದರೆ ಹಾಡುವವರು ಯಾರು? ಗಿಟಾರ್ ವಾದಕ ಸ್ಲ್ಯಾಶ್ 1996ರಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಬಿಟ್ಟರು. ಅವರ ಮೊದಲ ಸೋಲೋ ಆಲ್ಬಂ ಬಂದದ್ದು 2010ರಲ್ಲಿ, ಅದರಲ್ಲೂ ಹಾಡಿದ್ದು ಬೇರೆ ಬೇರೆ ಗಾಯಕರು. 2016ರಲ್ಲಿ ಬ್ಯಾಂಡಿಗೆ ಮರಳಿದರು, ಸೋಲೋ ಕೆಲಸವನ್ನೂ ಬಿಡಲಿಲ್ಲ.

ಸ್ವಂತ ಹಾಡುಗಳು ಸಾಕಷ್ಟಿದ್ದರೆ ಹೊರಡಿ. ಇಲ್ಲದಿದ್ದರೆ ಬ್ಯಾಂಡಿನಲ್ಲಿದ್ದೇ ಬಿಡುವಿನಲ್ಲಿ ಒಬ್ಬರೇ ನುಡಿಸಿ ನೋಡಿ.