ವಾರ್ಡ್ ಸಮಿತಿ: ಮರ ಉಳಿಸುವವರಿಗೆ ಎಷ್ಟು ಉಪಯೋಗ?

ಮಂಗಳೂರಿನ 60 ವಾರ್ಡ್‌ಗಳಲ್ಲಿ ಹಸಿರು ರಾಜಕಾರಣ ಮಾಡಹೊರಟವರಿಗೆ ಚುನಾವಣೆ ಗೆಲ್ಲದೆಯೂ ಸಿಗಬಹುದಾದ ಕುರ್ಚಿಯೆಂದರೆ ವಾರ್ಡಿನ ಕೆಲಸಗಳನ್ನು ಚರ್ಚಿಸುವ ವಾರ್ಡ್ ಸಮಿತಿಯದು. ಕಾರ್ಪೊರೇಟರೇ ಅಧ್ಯಕ್ಷರು, ಉಳಿದ 10 ಮಂದಿಯಲ್ಲಿ ಕನಿಷ್ಠ 3 ಮಹಿಳೆಯರು. ಪಾಲಿಕೆಯ ಅವಧಿ ಮುಗಿದರೆ ಸಮಿತಿಯೂ ಮುಗಿದಂತೆ. ಉಪಯೋಗದ ಮಟ್ಟಿಗೆ ಐದಕ್ಕೆ ಮೂರು ಅಂಕ ಕೊಡಬಹುದು.

ಸಮಿತಿಯ ನಿಜವಾದ ಬಲ ಇರುವುದು ಸಭೆಯ ಮಾತು, ನಿರ್ಣಯ ಬರೆದಿಡುವ ನಡಾವಳಿ ಪುಸ್ತಕದಲ್ಲಿ. ಬಾಯಲ್ಲಿ ಹೇಳಿದ್ದು ಚಾ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ‘ಮರ ಕಡಿಯಬೇಡಿ’ ಎಂದಷ್ಟೇ ಬರೆದ ಮನವಿ ಕಡತದಲ್ಲಿ ಮಲಗುತ್ತದೆ. ಯಾವ ಮರ, ಎದೆಯೆತ್ತರದಲ್ಲಿ ಸುತ್ತಳತೆ ಎಷ್ಟು, ಯಾವ ವಿದ್ಯುತ್ ಕಂಬದ ಪಕ್ಕ ಎಂಬುದನ್ನು ಫೋಟೊ ಸಮೇತ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿ. ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ, ಹಾಗಾಗಿ ಇನ್ನೊಂದು ಪ್ರತಿ ಅಲ್ಲಿಗೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಜನರ ಆಕ್ಷೇಪ ಕೇಳಲೇಬೇಕು. ಕಾಮಗಾರಿಯನ್ನು ತುಂಡು ಮಾಡಿ ಲೆಕ್ಕ ಇಳಿಸಿದ್ದಾರೆಯೇ ನೋಡಿ!

ಹೆಚ್ಚಿನವರು ಮರೆಯುವುದು ಬುಡವನ್ನು. ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಆಟಿ ತಿಂಗಳ ಗಾಳಿಮಳೆಗೆ ಮರ ಬುಡಮೇಲು. ಆಮೇಲೆ ‘ಅಪಾಯಕಾರಿ’ ಎಂದು ಪಕ್ಕದ್ದಕ್ಕೂ ಗರಗಸ. ಕಾಂಡದ ಸುತ್ತ 1 ಮೀಟರ್ ಬಿಡುವಂತೆ 2013ರಲ್ಲಿ ದೆಹಲಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶವನ್ನು ಸಮಿತಿಯ ನಿರ್ಣಯದಲ್ಲಿ ಉಲ್ಲೇಖಿಸಿ, ರಸ್ತೆ ಬದಿಗೆ ಜಲ್ಲಿ ಬಂದು ಬೀಳುವ ಮೊದಲೇ.